ಕಾಲೇಜಿನ ಮೈದಾನವೂ ವಿಶ್ವವಿದ್ಯಾಲಯದ ಖಜಾನೆಯೂ

ಶಾಲೆಗಳು ಆರಂಭವಾಗಿ ಎರಡು ಮೂರು ತಿಂಗಳು ಕಳೆಯುವಷ್ಟರಲ್ಲಿ ನಮ್ಮ ಹೋಬಳಿ ಕೇಂದ್ರಗಳಲ್ಲೆಲ್ಲ ಕ್ರೀಡಾಕೂಟದ ಸಡಗರ ಶುರುವಾಗುತ್ತದೆ. ಚಿಕ್ಕಬಳ್ಳಾಪುರ ತಾಲ್ಲೂಕಿನ ಮಂಡಿಕಲ್ ಹೋಬಳಿಯೂ ಇದಕ್ಕೆ ಹೊರತಲ್ಲ. ಸುಣ್ಣದ ಪುಡಿಯಲ್ಲಿ ಎಳೆದ ಕಬಡ್ಡಿ ಅಂಕಣ, ಎರಡು ಕಂಬ ನೆಟ್ಟ ಕೊಕ್ಕೊ ಮೈದಾನ, ಬರಿಗಾಲಲ್ಲಿ ಓಡುವ ಮಕ್ಕಳು, ಒಂದು ಮೂಲೆಯಲ್ಲಿ ಶಾಮಿಯಾನ. ಅಂಥ ಕೂಟವೊಂದರಲ್ಲಿ ಅರ್ಧ ದಿನ ಕುಳಿತಿದ್ದ ನನ್ನ ಗಮನ ಸೆಳೆದದ್ದು ಧ್ವನಿವರ್ಧಕದಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿದ್ದ ದಾನಿಗಳ ಹೆಸರುಗಳು. ಬಾಲಕಿಯರ ಕೊಕ್ಕೊ ಕಪ್ ಕೊಟ್ಟವರು ರೇಷ್ಮೆಗೂಡಿನ ವ್ಯಾಪಾರಿ, ತಂದೆಯ ಜ್ಞಾಪಕಾರ್ಥ. ಮಧ್ಯಾಹ್ನದ ಊಟದ ಖರ್ಚು ಹೊತ್ತವರು ಒಬ್ಬ ದ್ರಾಕ್ಷಿ ಬೆಳೆಗಾರರು. ಮಕ್ಕಳ ಬನಿಯನ್‌ಗಳಿಗೆ ಹಣ ಕಳಿಸಿದ್ದವರು ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಯೊಂದರ ಉದ್ಯೋಗಿ. ಎಲ್ಲರೂ ಅದೇ ಸುತ್ತಿನ ಶಾಲೆಗಳಲ್ಲಿ ಓದಿ, ಅಂಥದೇ ಅಂಕಣಗಳಲ್ಲಿ ಆಡಿದವರು.

ಅವರಲ್ಲೊಬ್ಬರ ಪಕ್ಕದಲ್ಲೇ ಕುಳಿತಿದ್ದ ನಾನು, "ನೀವು ಪದವಿ ಓದಿದ ಕಾಲೇಜಿಗೂ ಹೀಗೇ ಏನಾದರೂ ಕೊಟ್ಟಿದ್ದೀರಾ?" ಎಂದು ಕೇಳಿದೆ. ಅವರು ನಕ್ಕು, "ಯಾರೂ ಕೇಳಲಿಲ್ಲ ಸಾರ್. ಅಲ್ಲಿ ನಾನು ಆಡಿದ್ದೂ ಇಲ್ಲ" ಎಂದರು.

ಎರಡು ವಾಕ್ಯದ ಈ ಉತ್ತರದಲ್ಲಿ ನಮ್ಮ ಉನ್ನತ ಶಿಕ್ಷಣದ ಒಂದು ದೊಡ್ಡ ಲೋಪದ ವಿವರಣೆ ಇದೆ ಎಂದು ನನಗೆ ಅನ್ನಿಸುತ್ತದೆ. ಹಣವಿಲ್ಲವೆಂದು ಕೊರಗುವ ವಿಶ್ವವಿದ್ಯಾಲಯಗಳು ಒಂದು ಕಡೆ. ಕೊಡುವ ಮನಸ್ಸಿದ್ದೂ ತಮ್ಮ ಕಾಲೇಜಿನ ಜೊತೆ ಯಾವ ಎಳೆಯೂ ಉಳಿಯದ ಹಳೆಯ ವಿದ್ಯಾರ್ಥಿಗಳು ಇನ್ನೊಂದು ಕಡೆ. ಇವರಿಬ್ಬರ ನಡುವೆ ಇರಬೇಕಾಗಿದ್ದ ಆಟದ ಮೈದಾನವನ್ನು ನಾವು ಯಾವಾಗಲೋ ಮರೆತಿದ್ದೇವೆ.

ಮೊದಲು ಹಣದ ಮಾತು. ರಾಜ್ಯದ ವಿಶ್ವವಿದ್ಯಾಲಯಗಳ ಆರ್ಥಿಕ ಸ್ಥಿತಿ ಗುಟ್ಟಿನ ಸಂಗತಿಯೇನಲ್ಲ. 2025ರ ಫೆಬ್ರುವರಿಯಲ್ಲಿ ರಾಜ್ಯ ಸಚಿವ ಸಂಪುಟದ ಉಪಸಮಿತಿಯೊಂದು ಆಗಷ್ಟೇ ಹುಟ್ಟಿದ್ದ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತೆತ್ತಿದಾಗ ಮುಂದಿಟ್ಟ ಮುಖ್ಯ ಕಾರಣ ಸಂಪನ್ಮೂಲದ ಕೊರತೆಯೇ. ಹಳೆಯ ವಿಶ್ವವಿದ್ಯಾಲಯಗಳ ಕಥೆಯೂ ಭಿನ್ನವಲ್ಲ. ಪಿಂಚಣಿಯ ಹೊರೆ ಏರುತ್ತಿದೆ, ಕಾಯಂ ಅಧ್ಯಾಪಕರ ಜಾಗದಲ್ಲಿ ಅತಿಥಿ ಉಪನ್ಯಾಸಕರಿದ್ದಾರೆ. ಬೆಂಗಳೂರು ವಿಶ್ವವಿದ್ಯಾಲಯ ಮೂರು ಹೋಳಾದಾಗ, 2017ರಲ್ಲಿ, ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಕಾಲೇಜುಗಳು ಹೊಸ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ತೆಕ್ಕೆಗೆ ಬಂದವು. ಅದರ ಶಾಶ್ವತ ಆವರಣಕ್ಕೆ ಶಿಡ್ಲಘಟ್ಟ ತಾಲ್ಲೂಕಿನ ಅಮರಾವತಿಯ ಬಳಿ ಜಾಗ ಗೊತ್ತುಮಾಡಲಾಯಿತು. ಇಂಥ ವಿಶ್ವವಿದ್ಯಾಲಯದ ಆದಾಯವೆಂದರೆ ಮುಖ್ಯವಾಗಿ ಪರೀಕ್ಷಾ ಶುಲ್ಕ, ಸಂಯೋಜನೆಯ ಶುಲ್ಕ ಮತ್ತು ಸರ್ಕಾರದ ಅನುದಾನ. ಹಳೆಯ ವಿದ್ಯಾರ್ಥಿಗಳ ದೇಣಿಗೆ ಎಂಬ ಬಾಬತ್ತು ಇದ್ದರೂ ಅದು ಹೆಸರಿಗೆ ಮಾತ್ರ.

ಇದಕ್ಕೆ ಒಂದು ರಚನಾತ್ಮಕ ಕಾರಣವೂ ಇದೆ. ಚಿಕ್ಕಬಳ್ಳಾಪುರ ಸೀಮೆಯ ಒಂದೇ ಕುಟುಂಬದ ಮೂರು ತಲೆಮಾರುಗಳನ್ನು ಕಲ್ಪಿಸಿಕೊಳ್ಳಿ. 1964ಕ್ಕೆ ಮುಂಚೆ ಓದಿದ ಅಜ್ಜನ ಪದವಿಪತ್ರದಲ್ಲಿ ಮೈಸೂರು ವಿಶ್ವವಿದ್ಯಾಲಯದ ಮುದ್ರೆ, ಮಗನದರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ್ದು, ಮೊಮ್ಮಗಳದರಲ್ಲಿ ಬೆಂಗಳೂರು ಉತ್ತರದ್ದು. ಇವರಲ್ಲಿ ಯಾರಿಗೆ ಯಾವ ವಿಶ್ವವಿದ್ಯಾಲಯದ ಮೇಲೆ ಮಮತೆ ಹುಟ್ಟೀತು? ನಮ್ಮಲ್ಲಿ ವಿಶ್ವವಿದ್ಯಾಲಯವೆಂದರೆ ಅಂಕಪಟ್ಟಿಗಾಗಿ ಸರತಿಯಲ್ಲಿ ನಿಲ್ಲಿಸುವ ಕಚೇರಿ. ಅಭಿಮಾನ ಏನಿದ್ದರೂ ಕಾಲೇಜಿನ ಮೇಲೆ. ಆ ಕಾಲೇಜಿನೊಳಗೂ ಅಭಿಮಾನ ನೆಲೆಸುವುದು ಹಾಸ್ಟೆಲು, ನಾಟಕದ ತಂಡ, ಎನ್‌ಸಿಸಿ, ಆಟದ ತಂಡ ಎಂಬ ಚಿಕ್ಕ ಚಿಕ್ಕ ಗುಂಪುಗಳಲ್ಲಿ. ಕಾಲೇಜನ್ನು ನೆನೆಯುವವರು ಅಲ್ಲಿ ಬರೆದ ಪರೀಕ್ಷೆಯನ್ನು ನೆನೆಯುವುದು ಅಪರೂಪ.

ಹಾಗಾದರೆ ಹಳೆಯ ವಿದ್ಯಾರ್ಥಿ ಸಂಘಗಳು ಇಲ್ಲವೇ? ಇವೆ. ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಮಂಡಳಿ, ಅಂದರೆ ನ್ಯಾಕ್, ಕಾಲೇಜುಗಳನ್ನು ಅಳೆದ ಚೌಕಟ್ಟಿನಲ್ಲಿ ನೋಂದಾಯಿತ ಹಳೆಯ ವಿದ್ಯಾರ್ಥಿ ಸಂಘ ಮತ್ತು ಅದರ ಕೊಡುಗೆಗೆ ಅಂಕಗಳಿದ್ದವು. ವಿದ್ಯಾರ್ಥಿಗಳು ಗೆದ್ದ ಕ್ರೀಡಾ ಪ್ರಶಸ್ತಿಗಳಿಗೂ ಅದೇ ಅಧ್ಯಾಯದಲ್ಲಿ ಅಂಕಗಳಿದ್ದವು. ಫಲವಾಗಿ ಸಂಘಗಳು ಕಾಗದದ ಮೇಲೆ ಹುಟ್ಟಿದವು. ಕಾಲೇಜೊಂದರ ಅಂಥ ಸಭೆಗೆ ನನಗೂ ಕರೆ ಬಂದಿತ್ತು. ನ್ಯಾಕ್ ತಂಡ ಬರುವ ಹಿಂದಿನ ವಾರ ಫೋನ್ ಮಾಡಿದರು, ಹಾರ ಹಾಕಿದರು, ಹಾಜರಿ ಪುಸ್ತಕದಲ್ಲಿ ಸಹಿ ಪಡೆದರು, ಫೋಟೊ ತೆಗೆದರು. ಆಮೇಲೆ ಇಂದಿನವರೆಗೆ ಒಂದು ಕಾಗದವೂ ಬಂದಿಲ್ಲ. ಹೀಗೆ ಐದು ವರ್ಷಕ್ಕೊಮ್ಮೆ ಮಾತ್ರ ನೆನಪಾಗುವವರು ದೇಣಿಗೆ ಕೊಡಬೇಕೆಂದು ಬಯಸುವುದು ನ್ಯಾಯವಲ್ಲ.

ಈ ಪ್ರಶ್ನೆಗೆ ಅಮೆರಿಕ ಕಂಡುಕೊಂಡ ಉತ್ತರ ಜಗತ್ಪ್ರಸಿದ್ಧ. ಅದನ್ನು ತಿಳಿಯಲು ನಮ್ಮ ಜಿಲ್ಲೆಯವರೇ ಆದ ಡಾ. ಎಚ್. ನರಸಿಂಹಯ್ಯನವರ ಬದುಕಿನಿಂದಲೇ ಹೊರಡಬಹುದು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿ, ಓದಲೆಂದು ಬೆಂಗಳೂರಿಗೆ ನಡೆದೇ ಹೋದ ಹುಡುಗ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದದ್ದು 1960ರಲ್ಲಿ, ಅಮೆರಿಕದ ಓಹಿಯೊ ರಾಜ್ಯ ವಿಶ್ವವಿದ್ಯಾಲಯದಲ್ಲಿ. ಆ ವಿಶ್ವವಿದ್ಯಾಲಯದ ಕ್ರೀಡಾಂಗಣ 1922ರಲ್ಲಿ ತೆರೆದದ್ದು ಹಳೆಯ ವಿದ್ಯಾರ್ಥಿಗಳು ಮತ್ತು ಕೊಲಂಬಸ್ ನಗರದ ನಾಗರಿಕರು ಕೊಟ್ಟ ಚಂದಾ ಹಣದ ಬಲದಿಂದ. ಇಂದು ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕುಳಿತು ವಿದ್ಯಾರ್ಥಿಗಳ ಫುಟ್‌ಬಾಲ್ ಪಂದ್ಯ ನೋಡುತ್ತಾರೆ. ಆ ಕ್ರೀಡಾ ವಿಭಾಗ ತನ್ನ ಗಳಿಕೆಯಲ್ಲಿ ಒಂದು ಪಾಲನ್ನು ವಿಶ್ವವಿದ್ಯಾಲಯದ ಮುಖ್ಯ ಗ್ರಂಥಾಲಯದ ನವೀಕರಣಕ್ಕೆ ಕೊಟ್ಟದ್ದೂ ಉಂಟು. ಪಂದ್ಯದ ನೆಪದಲ್ಲಿ ಹಳಬರು ವರ್ಷಕ್ಕೊಮ್ಮೆ ಊರಿಗೆ ಮರಳುತ್ತಾರೆ, ಹಳೆಯ ಗುರುಗಳನ್ನು ಕಾಣುತ್ತಾರೆ, ಚೆಕ್ ಬರೆಯುತ್ತಾರೆ. ನಮ್ಮ ಜಾತ್ರೆಗೆ ಊರು ಬಿಟ್ಟವರು ಬಂದು ಕಾಣಿಕೆ ಹಾಕಿ ಹೋಗುವ ಕ್ರಮಕ್ಕೂ ಇದಕ್ಕೂ ಮೂಲದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ.

ಆದರೆ ಈ ಚಿತ್ರಕ್ಕೆ ಇನ್ನೊಂದು ಮುಖವಿದೆ. ನಮ್ಮವರು ಅಮೆರಿಕದ ಮಾದರಿ ಎಂದಾಗ ಅದನ್ನು ಸಾಮಾನ್ಯವಾಗಿ ಮುಚ್ಚಿಡುತ್ತಾರೆ. 1984ರ ನವೆಂಬರಿನಲ್ಲಿ ಬಾಸ್ಟನ್ ಕಾಲೇಜಿನ ಡಗ್ ಫ್ಲೂಟಿ ಎಂಬ ಆಟಗಾರ ಕೊನೆಯ ಕ್ಷಣದಲ್ಲಿ ಎಸೆದ ಚೆಂಡು ಪಂದ್ಯ ಗೆಲ್ಲಿಸಿತು. ಆ ಕಾಲೇಜಿಗೆ ಪ್ರವೇಶದ ಅರ್ಜಿಗಳು ಹೆಚ್ಚಿದ್ದು ಆ ಒಂದು ಎಸೆತದಿಂದಲೇ ಎಂಬ ಕಥೆ ಹುಟ್ಟಿ, 'ಫ್ಲೂಟಿ ಪರಿಣಾಮ' ಎಂಬ ಮಾತೇ ಚಾಲ್ತಿಗೆ ಬಂತು. ಅರ್ಜಿಗಳು ಅದಕ್ಕೂ ಮುಂಚಿನಿಂದಲೇ ಏರುತ್ತಿದ್ದವು ಎಂಬುದನ್ನು ಕಥೆ ಹೇಳುವವರು ಮರೆಯುತ್ತಾರೆ. 2019ರ ಲೆಕ್ಕದಲ್ಲಿ ಅಲ್ಲಿನ ಅತ್ಯುನ್ನತ ಫುಟ್‌ಬಾಲ್ ಶ್ರೇಣಿಯ ನೂರಮೂವತ್ತರಷ್ಟು ವಿಶ್ವವಿದ್ಯಾಲಯಗಳ ಪೈಕಿ ಕ್ರೀಡಾ ವಿಭಾಗದ ಗಳಿಕೆ ಖರ್ಚನ್ನು ಮೀರಿದ್ದು ಸುಮಾರು 25ರಲ್ಲಿ ಮಾತ್ರ. ಉಳಿದವು ವಿದ್ಯಾರ್ಥಿಗಳ ಶುಲ್ಕದಿಂದಲೋ ವಿಶ್ವವಿದ್ಯಾಲಯದ ಖಜಾನೆಯಿಂದಲೋ ಆಟವನ್ನು ಸಾಕುತ್ತಿದ್ದವು. ಅನೇಕ ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳ ಪಡೆಯುವ ಸರ್ಕಾರಿ ನೌಕರ ಗವರ್ನರನಲ್ಲ, ವಿಶ್ವವಿದ್ಯಾಲಯ ತಂಡದ ತರಬೇತುದಾರ. ದಶಕಗಳ ಕಾಲ ಆಟಗಾರರಿಗೆ ವಿದ್ಯಾರ್ಥಿವೇತನದಾಚೆ ಹಣ ಸಿಗದಂತೆ ತಡೆದ ವ್ಯವಸ್ಥೆ 2021ರ ನಂತರ ನ್ಯಾಯಾಲಯದ ಹೊಡೆತಗಳಿಂದ ಕುಸಿಯಿತು. 2025ರ ಜುಲೈಯಿಂದ ವಿಶ್ವವಿದ್ಯಾಲಯಗಳು ಆಟಗಾರರೊಡನೆ ಆದಾಯವನ್ನು ನೇರವಾಗಿ ಹಂಚಿಕೊಳ್ಳಬಹುದಾಗಿದೆ. ಅದು ಈಗ ಬಹುಮಟ್ಟಿಗೆ ಒಂದು ಉದ್ಯಮ. ಅದನ್ನು ಹಾಗೆಯೇ ತಂದು ಇಲ್ಲಿ ನೆಡುವುದು ಸಾಧ್ಯವೂ ಅಲ್ಲ, ಸಾಧುವೂ ಅಲ್ಲ.

ನಮಗೆ ಉಪಯೋಗವಾಗುವ ಪಾಠ ಬೇರೆ ಕಡೆ ಇದೆ. ಜೊನಾಥನ್ ಮೀರ್ ಮತ್ತು ಹಾರ್ವೆ ರೋಸೆನ್ ಎಂಬ ಅರ್ಥಶಾಸ್ತ್ರಜ್ಞರು ಹೆಸರು ಹೇಳದ ಒಂದು ಪ್ರತಿಷ್ಠಿತ ವಿಶ್ವವಿದ್ಯಾಲಯದ ದೇಣಿಗೆಯ ದಾಖಲೆಗಳನ್ನು ದಾನಿಗಳ ಮಟ್ಟದಲ್ಲಿ ಪರಿಶೀಲಿಸಿ 2009ರಲ್ಲಿ ಅಧ್ಯಯನ ಪ್ರಕಟಿಸಿದರು. ಜನ ಮುಗಿಬಿದ್ದು ನೋಡುವ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ತಂಡಗಳ ಗೆಲುವಿನಿಂದ ಒಟ್ಟು ದೇಣಿಗೆಯ ಮೇಲೆ ಗಮನಾರ್ಹ ಪರಿಣಾಮ ಕಾಣಲಿಲ್ಲ. ಆದರೆ ತಾನು ವಿದ್ಯಾರ್ಥಿಯಾಗಿದ್ದಾಗ ಆಡಿದ್ದ ತಂಡ, ಅದು ಯಾವ ಆಟದ್ದೇ ಆಗಿರಲಿ, ತನ್ನ ವಲಯದ ಚಾಂಪಿಯನ್ ಆದ ವರ್ಷ ಆ ಪುರುಷ ಪದವೀಧರ ವಿಶ್ವವಿದ್ಯಾಲಯದ ಸಾಮಾನ್ಯ ನಿಧಿಗೆ ಕೊಡುವ ಹಣ ಸುಮಾರು ಶೇ 7ರಷ್ಟು ಹೆಚ್ಚಿತು. ಮಹಿಳೆಯರ ವಿಷಯದಲ್ಲಿ ಅಂಥ ಪರಿಣಾಮ ಕಾಣಲಿಲ್ಲ ಎಂಬುದನ್ನೂ ಅವರು ದಾಖಲಿಸಿದ್ದಾರೆ. ಒಂದು ಸಂಸ್ಥೆಯ ಅಧ್ಯಯನದಿಂದ ಇಡೀ ಲೋಕದ ನಿಯಮ ಕಟ್ಟಲಾಗದು. ಆದರೂ ಗ್ಯಾಲರಿಯಲ್ಲಿ ಕುಳಿತು ನೋಡಿದವನಿಗಿಂತ ಅಂಕಣದಲ್ಲಿ ಬೆವರು ಹರಿಸಿದವನ ಋಣಭಾವ ಗಟ್ಟಿಯಾದದ್ದು ಎಂಬ ಸೂಚನೆ ಅದರಲ್ಲಿದೆ. ಮಂಡಿಕಲ್‌ನ ಶಾಮಿಯಾನದಡಿ ನಾನು ಕೇಳಿದ ಮಾತೂ ಇದೇ ಆಗಿತ್ತು.

ಈ ಬೆಳಕಿನಲ್ಲಿ ಕರ್ನಾಟಕದ ಕಡೆ ನೋಡೋಣ. ಕ್ರೀಡೆಯನ್ನು ಗಂಭೀರವಾಗಿ ತೆಗೆದುಕೊಂಡ ಸಂಸ್ಥೆಗಳು ನಮ್ಮಲ್ಲೂ ಇವೆ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ ನೂರಾರು ಕ್ರೀಡಾಪಟುಗಳನ್ನು ದತ್ತು ಪಡೆದು ಉಚಿತ ಊಟ, ವಸತಿ, ಶಿಕ್ಷಣ ಕೊಟ್ಟಿದೆ. ಅಥ್ಲೆಟಿಕ್ಸ್‌ನಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಹಿರಿಮೆಯ ಬಹುಪಾಲು ಅಲ್ಲಿಂದ ಬಂದದ್ದು. ಬೆಂಗಳೂರಿನ ಜೈನ್ ವಿಶ್ವವಿದ್ಯಾಲಯ 2022ರ ಏಪ್ರಿಲ್–ಮೇ ತಿಂಗಳಲ್ಲಿ ಖೇಲೊ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದ ಆತಿಥ್ಯ ವಹಿಸಿ, 20 ಚಿನ್ನದ ಪದಕಗಳೊಂದಿಗೆ ತಾನೇ ಅಗ್ರಸ್ಥಾನ ಪಡೆಯಿತು. ಇವು ಮೆಚ್ಚಬೇಕಾದ ಸಾಧನೆಗಳು. ಆದರೆ ಖಾಸಗಿ ಸಂಸ್ಥೆಗಳಿಗೆ ಕ್ರೀಡೆಯಿಂದ ದೊರೆಯುವ ಲಾಭ ಮುಖ್ಯವಾಗಿ ಹೆಸರು ಮತ್ತು ಹೊಸ ಪ್ರವೇಶಗಳ ರೂಪದಲ್ಲಿ. ಶುಲ್ಕದ ಮೇಲೆ ನಡೆಯುವ ಸಂಸ್ಥೆಗೆ ಅದು ಸಾಕು. ಬಡ ಮಕ್ಕಳು ಓದುವ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ.

ತಾರೆಗಳ ಆಕರ್ಷಣೆಯೂ ಹಾಗೆಯೇ. 2024ರ ಜನವರಿಯಲ್ಲಿ ನಮ್ಮ ಜಿಲ್ಲೆಯ ಮುದ್ದೇನಹಳ್ಳಿಯ ಸತ್ಯಸಾಯಿ ಗ್ರಾಮದಲ್ಲಿ ಸಚಿನ್ ತೆಂಡೂಲ್ಕರ್ ಮತ್ತು ಯುವರಾಜ್ ಸಿಂಗ್ ಬಳಗಗಳ ನಡುವೆ ಸೌಹಾರ್ದ ಪಂದ್ಯ ನಡೆದಾಗ ಇಡೀ ಸೀಮೆಯೇ ಅತ್ತ ನೋಡಿತು. ಸೇವಾಕಾರ್ಯವೊಂದರ ಕಡೆ ಜನರ ಗಮನ ಸೆಳೆಯಲು ಆಟಕ್ಕಿಂತ ಒಳ್ಳೆಯ ಸಾಧನವಿಲ್ಲ ಎಂಬುದಕ್ಕೆ ಅದು ಸಾಕ್ಷಿ. ಆದರೆ ತಾರೆಯರನ್ನು ಕರೆತರುವ ಶಕ್ತಿ ಎಲ್ಲ ಸಂಸ್ಥೆಗಳಿಗೂ ಇರುವುದಿಲ್ಲ. ಕುಂಬ್ಳೆ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ, ಶ್ರೀನಾಥ್ ಮೈಸೂರಿನ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದರು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದೇ ಕಾಲೇಜುಗಳ ವಾಲಿಬಾಲ್ ತಂಡದಲ್ಲೋ ಗುಂಡು ಎಸೆತದಲ್ಲೋ ಅದೇ ವರ್ಷಗಳಲ್ಲಿ ಬೆವರಿದವರು ಎಲ್ಲಿದ್ದಾರೆ ಎಂದು ಕೇಳುವವರು ಕಡಿಮೆ. ದೇಣಿಗೆಯ ದೃಷ್ಟಿಯಿಂದ ನೋಡಿದರೆ ಆ ಅಜ್ಞಾತರೇ ಹೆಚ್ಚು ಮುಖ್ಯ, ಏಕೆಂದರೆ ಅವರ ಸಂಖ್ಯೆ ದೊಡ್ಡದು.

ಇನ್ನೊಂದು ಆಕ್ಷೇಪವನ್ನೂ ಎದುರಿಸಬೇಕು. ದೊಡ್ಡ ದೇಣಿಗೆಗಳಿಗೆ ಆಟ ಬೇಕಿಲ್ಲ ಎಂದು ಕೆಲವರು ವಾದಿಸಬಹುದು. 2022ರಲ್ಲಿ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು ಭಾರತೀಯ ವಿಜ್ಞಾನ ಸಂಸ್ಥೆಗೆ ವೈದ್ಯಕೀಯ ಶಾಲೆ ಹಾಗೂ ಆಸ್ಪತ್ರೆಗಾಗಿ 425 ಕೋಟಿ ರೂಪಾಯಿ ಕೊಟ್ಟರು. 2023ರಲ್ಲಿ ನಂದನ್ ನಿಲೇಕಣಿ ತಾವು ಓದಿದ ಮುಂಬೈ ಐಐಟಿಗೆ 315 ಕೋಟಿ ಕೊಟ್ಟರು. ಇವುಗಳ ಹಿಂದೆ ಯಾವ ಪಂದ್ಯವೂ ಇರಲಿಲ್ಲ, ನಿಜ. ಆದರೆ ಅವು ದೇಶದ ಶಿಖರ ಸಂಸ್ಥೆಗಳಿಗೆ ಶಿಖರದಲ್ಲಿರುವವರು ಕೊಟ್ಟ ಕಾಣಿಕೆ. ಚಿಂತಾಮಣಿಯ, ಶಿಡ್ಲಘಟ್ಟದ, ಗೌರಿಬಿದನೂರಿನ ಕಾಲೇಜುಗಳ ಹಳೆಯ ವಿದ್ಯಾರ್ಥಿಗಳು ಶಿಕ್ಷಕರು, ಪೊಲೀಸರು, ರೈತರು, ಸಣ್ಣ ವ್ಯಾಪಾರಿಗಳು, ಈಚೆಗೆ ದೇವನಹಳ್ಳಿ ಸುತ್ತಲಿನ ಕಂಪೆನಿಗಳ ನೌಕರರು. ಅವರಿಂದ ಕೋಟಿಗಳು ಬರುವುದಿಲ್ಲ. ವರ್ಷಕ್ಕೆ ಐನೂರು, ಸಾವಿರ ರೂಪಾಯಿ ಬರಬಹುದು. ಅಂಥ ಐನೂರು ಮಂದಿ ಇದ್ದರೆ ಒಂದು ಕಾಲೇಜು ತನ್ನ ಗ್ರಂಥಾಲಯಕ್ಕೆ ಪುಸ್ತಕ ಕೊಳ್ಳಬಹುದು, ಹೆಣ್ಣುಮಕ್ಕಳ ತಂಡವನ್ನು ಅಂತರ ಕಾಲೇಜು ಪಂದ್ಯಕ್ಕೆ ಗೌರವದಿಂದ ಕರೆದೊಯ್ಯಬಹುದು. ಸಣ್ಣ ಮೊತ್ತದ ಬಹುಜನರ ದೇಣಿಗೆಗೆ ನೆನಪಿನ ಎಳೆ ಬೇಕೇ ಬೇಕು. ಅದನ್ನು ಒದಗಿಸಲು ಆಟದ ತಂಡದಷ್ಟು ಅಗ್ಗದ, ಜಾತಿ ಧರ್ಮಗಳನ್ನು ಬೆರೆಸುವ ಸಾಧನ ಇನ್ನೊಂದಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಮೊದಲನೆಯದು, ದಾಖಲೆ. ಪ್ರತಿ ಕಾಲೇಜೂ ತನ್ನನ್ನು ಪ್ರತಿನಿಧಿಸಿದ ಪ್ರತಿಯೊಬ್ಬ ಆಟಗಾರನ, ಆಟಗಾರ್ತಿಯ ಹೆಸರು, ವರ್ಷ, ಈಗಿನ ವಿಳಾಸಗಳ ಪುಸ್ತಕವಿಡಬೇಕು. ಹಳೆಯ ತಂಡಗಳ ಫೋಟೊಗಳು ದೈಹಿಕ ಶಿಕ್ಷಣ ನಿರ್ದೇಶಕರ ಕೊಠಡಿಯಲ್ಲಿ ಗೆದ್ದಲು ಹಿಡಿಯುತ್ತಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ನೋಡಿದ್ದೇನೆ. ಅವುಗಳ ಹಿಂಬದಿಯಲ್ಲಿ ಬರೆದಿರುವ ಹೆಸರುಗಳೇ ನಮ್ಮ ಮೊದಲ ದಾನಿಗಳ ಪಟ್ಟಿ.

ಎರಡನೆಯದು, ವರ್ಷಕ್ಕೊಂದು ದಿನ. ಹಳಬರ ತಂಡಕ್ಕೂ ಈಗಿನ ವಿದ್ಯಾರ್ಥಿಗಳ ತಂಡಕ್ಕೂ ಕಬಡ್ಡಿ, ವಾಲಿಬಾಲ್, ಥ್ರೋಬಾಲ್ ಪಂದ್ಯ. ಅನಂತರ ಒಟ್ಟಿಗೆ ಊಟ. ಭಾಷಣ ಕಡಿಮೆಯಿರಲಿ, ರಾಜಕಾರಣಿಗಳಿಗೆ ವೇದಿಕೆಯ ಕೆಳಗೆ ಜಾಗವಿರಲಿ. ಜಿಲ್ಲಾ ಕೇಂದ್ರದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ಜಿಲ್ಲೆಯ ಕಾಲೇಜುಗಳೆಲ್ಲ ಸೇರಿ ಇದನ್ನು ನಡೆಸುವುದು ಕಷ್ಟದ ಕೆಲಸವೇನಲ್ಲ.

ಮೂರನೆಯದು, ಲೆಕ್ಕ. ದೇಣಿಗೆ ಕೊಟ್ಟವರಿಗೆ ಹಣ ಎಲ್ಲಿ ಹೋಯಿತೆಂಬ ಒಂದು ಹಾಳೆಯ ವರದಿ ಪ್ರತಿವರ್ಷ ತಲುಪಬೇಕು. ಹೋಬಳಿ ಕ್ರೀಡಾಕೂಟಕ್ಕೆ ಜನ ಕೊಡುವುದಕ್ಕೆ ಒಂದು ಕಾರಣ, ಕಪ್ಪು ಕಣ್ಣೆದುರೇ ಮಗುವಿನ ಕೈ ಸೇರುತ್ತದೆ. ಕಾಲೇಜಿನ ನಿಧಿಗೂ ಅಂಥದೇ ಪಾರದರ್ಶಕತೆ ಇರಬೇಕು. ವಿದ್ಯಾರ್ಥಿಗಳಿಂದ ವಿಶ್ವವಿದ್ಯಾಲಯ ಈಗಾಗಲೇ ಪಡೆಯುತ್ತಿರುವ ಕ್ರೀಡಾ ಶುಲ್ಕದ ಖರ್ಚನ್ನು ಮೊದಲು ಬಹಿರಂಗಪಡಿಸಿದರೆ ಹೊಸ ದೇಣಿಗೆ ಕೇಳುವ ನೈತಿಕ ಹಕ್ಕು ಬರುತ್ತದೆ.

ನಾಲ್ಕನೆಯದು, ಪಾಲು. ಆಟದ ಹೆಸರಿನಲ್ಲಿ ಬಂದ ಹಣದಲ್ಲಿ ಒಂದು ನಿಗದಿತ ಭಾಗ ಗ್ರಂಥಾಲಯಕ್ಕೋ ಪ್ರಯೋಗಾಲಯಕ್ಕೋ ಹೋಗುವ ನಿಯಮ ಮೊದಲ ದಿನದಿಂದಲೇ ಇರಬೇಕು. ಅಮೆರಿಕದ ಅನೇಕ ಕಡೆ ಆಟದ ಹಣ ಆಟಕ್ಕೇ ಮರಳಿ, ಕೊನೆಗೆ ಪಾಠದ ಹಣವನ್ನೂ ನುಂಗಿತು. ಆ ದಾರಿಯನ್ನು ಆರಂಭದಲ್ಲೇ ಮುಚ್ಚುವುದು ಲೇಸು.

ಇದರ ಜೊತೆಗೆ ಕೈಗಾರಿಕೆಗಳಿವೆ. 2013ರ ಕಂಪೆನಿ ಕಾಯ್ದೆಯಡಿ ನಿಗದಿತ ಗಾತ್ರ ಮೀರಿದ ಕಂಪೆನಿಗಳು ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವಿನಿಯೋಗಿಸಬೇಕು. ಆ ಪಟ್ಟಿಯಲ್ಲಿ ಶಿಕ್ಷಣದಂತೆ ಗ್ರಾಮೀಣ ಕ್ರೀಡೆಯ ತರಬೇತಿಯೂ ಸೇರಿದೆ. ದೇವನಹಳ್ಳಿ, ನರಸಾಪುರ, ಗೌರಿಬಿದನೂರುಗಳ ಕೈಗಾರಿಕಾ ಪ್ರದೇಶಗಳು ಈ ಕಾಲೇಜುಗಳ ಅಂಗಳದಲ್ಲೇ ಇವೆ. ಹಳೆಯ ವಿದ್ಯಾರ್ಥಿಗಳೇ ತಮ್ಮ ಕೈಯಿಂದ ಒಂದಿಷ್ಟು ಹಾಕಿದ್ದಾರೆ ಎಂದು ತೋರಿಸಿದರೆ ಕಂಪೆನಿಗಳ ಬಾಗಿಲು ತಟ್ಟುವುದು ಸುಲಭವಾಗುತ್ತದೆ.

ಎರಡು ಎಚ್ಚರಿಕೆಗಳು ಅಗತ್ಯ. ದೇಣಿಗೆ ಬರುತ್ತದೆಂದು ಸರ್ಕಾರ ತನ್ನ ಜವಾಬ್ದಾರಿಯಿಂದ ಜಾರಿಕೊಳ್ಳಕೂಡದು. ದೈಹಿಕ ಶಿಕ್ಷಣ ನಿರ್ದೇಶಕರ ಖಾಲಿ ಹುದ್ದೆ ತುಂಬುವುದು, ಮೈದಾನಕ್ಕೆ ಜಾಗ ಕೊಡುವುದು ಸರ್ಕಾರದ ಕೆಲಸ. ಅದಕ್ಕೆ ಕಬಡ್ಡಿ ಆಡಿದ ಪೊಲೀಸ್ ಪೇದೆ ಚಂದಾ ಕೊಡಬೇಕಿಲ್ಲ. ಅಮರಾವತಿಯ ಆವರಣದಲ್ಲಿ ಆಡಳಿತ ಭವನದಷ್ಟೇ ಮಹತ್ವ ಆಟದ ಬಯಲಿಗೂ ಸಿಗಬೇಕು. ಇನ್ನು ಎರಡನೆಯದು ಹೆಣ್ಣುಮಕ್ಕಳದು. ಹೋಬಳಿ ಕೂಟದಲ್ಲಿ ಕೊಕ್ಕೊ ಕಂಬ ಸುತ್ತಿ ಎಲ್ಲರನ್ನೂ ಬೆರಗುಗೊಳಿಸುವ ಹುಡುಗಿಯರಲ್ಲಿ ಹಲವರು ಎಸ್ಎಸ್ಎಲ್‌ಸಿ ಮುಗಿದ ಮೇಲೆ ಮೈದಾನಕ್ಕೆ ಇಳಿಯುವುದೇ ಇಲ್ಲ. ಸಂಜೆಯ ಅಭ್ಯಾಸ ಮುಗಿಸಿದರೆ ಊರಿಗೆ ಬಸ್ಸು ಸಿಗದು, ಬಟ್ಟೆ ಬದಲಿಸಲು ಕೊಠಡಿ ಇರದು. ಅವರನ್ನು ಆಟದಿಂದ ಹೊರಗಿಟ್ಟ ಕಾಲೇಜಿಗೆ ಅವರ ಮುಂದಿನ ಅಭಿಮಾನವನ್ನು ಕೇಳುವ ಅಧಿಕಾರವಿಲ್ಲ.

ನರಸಿಂಹಯ್ಯನವರು 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ ಬದುಕು ಕಳೆದರು. ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ನ್ಯಾಷನಲ್ ಕಾಲೇಜುಗಳು ಬೆಳೆಯಲು ಕಾರಣರಾದರು. ಅವರ ಶಿಷ್ಯರು ಇಂದಿಗೂ ಆ ಹೆಸರಿಗೆ ಕರಗುತ್ತಾರೆ. ಅದು ಒಬ್ಬ ಮೇಷ್ಟ್ರು ವಿದ್ಯಾರ್ಥಿಗಳ ನಡುವೆ ಬದುಕಿದ್ದರ ಫಲ. ಅಂಥವರು ಪ್ರತಿ ಕಾಲೇಜಿಗೂ ಸಿಗಲಾರರು. ಆದರೆ ಪ್ರತಿ ಕಾಲೇಜಿಗೂ ಒಂದು ಮೈದಾನ, ಒಬ್ಬ ದೈಹಿಕ ಶಿಕ್ಷಣ ನಿರ್ದೇಶಕ, ಹೆಸರುಗಳನ್ನು ಬರೆದಿಡುವ ಒಂದು ಪುಸ್ತಕ ಸಿಗಬಹುದು.

ಅಂದು ಸಂಜೆ ಮಂಡಿಕಲ್‌ನ ಕೂಟ ಮುಗಿದಾಗ, ಕಪ್ಪು ಕೊಟ್ಟ ವ್ಯಾಪಾರಿ ಗೆದ್ದ ತಂಡದ ನಾಯಕಿಯ ಹೆಸರನ್ನು ಕೇಳಿ ತಮ್ಮ ಪುಟ್ಟ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಮುಂದಿನ ವರ್ಷ ಅವಳು ಯಾವ ಕಾಲೇಜು ಸೇರುತ್ತಾಳೆಂದು ವಿಚಾರಿಸಿದರು. ಆ ಕಾಲೇಜಿನಲ್ಲಿ ಅವಳಿಗೊಂದು ತಂಡವಿರಲಿ, ಇಪ್ಪತ್ತು ವರ್ಷದ ನಂತರ ಅವಳ ಹೆಸರು ಅಲ್ಲಿನ ಪುಸ್ತಕದಲ್ಲಿ ಉಳಿದಿರಲಿ ಎಂಬುದಷ್ಟೇ ನನ್ನ ಆಸೆ.